ಸಕಲೇಶಪುರವೋ ಕಳಸವೋ: ಕಾರಿಲ್ಲದ ಕುಟುಂಬಕ್ಕೆ ಮೂರು ದಿನಗಳ ಮಲೆನಾಡು

ಮಲ್ಲೇಶ್ವರದ ಗೃಹಸ್ಥ:

ರಾಜ್ಯೋತ್ಸವದ ಆಸುಪಾಸಿನ ವಾರಾಂತ್ಯಕ್ಕೆ ಒಂದು ದಿನದ ರಜೆ ಸೇರಿಸಿಕೊಂಡು, ಮೂರು ಹಗಲು ಎರಡು ರಾತ್ರಿಗಳನ್ನು ಬೆಟ್ಟ, ಕಾಡು, ಹೊಳೆಗಳ ನಡುವೆ ಕಳೆಯಬೇಕೆಂದು ನಮ್ಮ ಮನೆಯಲ್ಲಿ ಒಮ್ಮತವಾಗಿದೆ. ಯಾವ ಊರಿಗೆ ಹೋಗಬೇಕೆಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಮಡಿಕೇರಿ ಮತ್ತು ಚಿಕ್ಕಮಗಳೂರಿನ ಜನಜಂಗುಳಿ ಬೇಡವೆಂದು ಅವೆರಡನ್ನೂ ಮೊದಲೇ ಕೈಬಿಟ್ಟಿದ್ದೇವೆ. ಉಳಿದಿರುವುದು ಸಕಲೇಶಪುರ ಮತ್ತು ಕಳಸ.

ಹೊರಡುವವರು ಐದು ಮಂದಿ: ನಾನು, ನನ್ನ ಪತ್ನಿ, ಪದವಿ ಓದುತ್ತಿರುವ ಮಗಳು, ಒಂಬತ್ತನೆಯ ತರಗತಿಯ ಮಗ ಮತ್ತು ಎಪ್ಪತ್ತರ ಹೊಸ್ತಿಲಲ್ಲಿರುವ ನನ್ನ ತಾಯಿ. ಮಕ್ಕಳಿಗೆ ಒಂದು ದಿನವಾದರೂ ಮೈ ದಣಿಯುವಂತೆ ಬೆಟ್ಟ ಹತ್ತಬೇಕೆಂಬ ಆಸೆಯಿದೆ. ತಾಯಿಯವರಿಗೆ ಮೊಣಕಾಲು ನೋವಿರುವುದರಿಂದ ಅವರು ಬೆಟ್ಟ ಹತ್ತಲಾರರು, ಆದರೆ ದಿನವಿಡೀ ಕೋಣೆಯಲ್ಲಿ ಕುಳಿತಿರಲೂ ಒಪ್ಪುವವರಲ್ಲ. ನಮ್ಮಲ್ಲಿ ಕಾರಿಲ್ಲ, ಬೆಂಗಳೂರಿನಿಂದಲೇ ಬಾಡಿಗೆ ಕಾರು ಮಾಡಿಕೊಂಡು ಹೋಗುವುದಕ್ಕೂ ಮನಸ್ಸಿಲ್ಲ. ಎರಡೂ ಊರುಗಳನ್ನು ಬಲ್ಲವರು ದಯವಿಟ್ಟು ತಮ್ಮ ಅಭಿಪ್ರಾಯ ತಿಳಿಸಬೇಕು.

ರೈಲುಪ್ರಿಯ:

ಕಾರಿಲ್ಲವೆಂದ ಮೇಲೆ ಸಕಲೇಶಪುರವೇ ಸರಿ, ಎರಡನೆಯ ಮಾತೇ ಇಲ್ಲ. ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರ್. ಯಶವಂತಪುರದಿಂದ ಬೆಳಿಗ್ಗೆ ಹೊರಡುವ ಹಗಲು ರೈಲು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ನೀವು ಹೇಮಾವತಿಯ ದಡದಲ್ಲಿರುತ್ತೀರಿ. ಹಿರಿಯರೊಬ್ಬರು ಜೊತೆಗಿರುವಾಗ ಶೌಚಾಲಯವಿರುವ, ಎದ್ದು ಓಡಾಡಬಹುದಾದ ರೈಲಿಗೂ ರಾತ್ರಿಯಿಡೀ ಘಟ್ಟದ ತಿರುವುಗಳಲ್ಲಿ ಕುಲುಕುವ ಬಸ್ಸಿಗೂ ಅಜಗಜಾಂತರವಿದೆ.

ಇನ್ನೊಂದು ಆಕರ್ಷಣೆಯೂ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದ ಹಳಿ ಐವತ್ತಕ್ಕೂ ಹೆಚ್ಚು ಸುರಂಗಗಳನ್ನೂ ನೂರಕ್ಕೂ ಹೆಚ್ಚು ಸೇತುವೆಗಳನ್ನೂ ದಾಟಿ ಇಳಿಯುತ್ತದೆ. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ಈ ಮಾರ್ಗ ಬ್ರಾಡ್ ಗೇಜಿಗೆ ಬದಲಾದ ಮೇಲೆ 2007ರ ಕೊನೆಗೆ ಪ್ರಯಾಣಿಕರ ರೈಲುಗಳು ಮತ್ತೆ ಓಡತೊಡಗಿದವು. 2021ರ ಜುಲೈಯಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯೂ ಇದೆ. ತಾಯಿಯವರು ಒಂದು ಹೆಜ್ಜೆಯನ್ನೂ ಇಡದೆ ಘಟ್ಟವನ್ನು ಇಷ್ಟು ಹತ್ತಿರದಿಂದ ನೋಡುವ ಇನ್ನೊಂದು ದಾರಿ ಕರ್ನಾಟಕದಲ್ಲಿಲ್ಲ. ಒಂದು ಎಚ್ಚರಿಕೆಯ ಮಾತು: ಹಿಂದೆ ಜನ ಈ ಹಳಿಯ ಮೇಲೆಯೇ ಚಾರಣ ಮಾಡುತ್ತಿದ್ದರು, ಹಳೆಯ ಚಿತ್ರಗಳು ಈಗಲೂ ಓಡಾಡುತ್ತಿವೆ. ಅದು ನಿಷಿದ್ಧ ಮಾತ್ರವಲ್ಲ, ಸುರಂಗದೊಳಗೆ ರೈಲು ಬಂದರೆ ಪಕ್ಕಕ್ಕೆ ಸರಿಯಲು ಜಾಗವೂ ಸಾಲದು. ಮಕ್ಕಳು ಆಸೆಪಟ್ಟರೂ ಒಪ್ಪಬೇಡಿ.

ಘಟ್ಟದಂಚಿನವ:

ನಾನು ಮೂಡಿಗೆರೆ ತಾಲ್ಲೂಕಿನವನು. ಈಗ ಇರುವುದು ವಿಜಯನಗರದಲ್ಲಿ. ಎರಡೂ ಊರುಗಳಿಗೆ ನಂಟಸ್ತಿಕೆಯ ಕಾರಣದಿಂದ ಹೋಗಿಬರುವುದುಂಟು. ರೈಲುಪ್ರಿಯರು ಹೇಳಿದ್ದೆಲ್ಲ ನಿಜವಾದರೂ ಅದು ಪ್ರಯಾಣದ ಅರ್ಧ ಭಾಗಕ್ಕೆ ಮಾತ್ರ ಸಲ್ಲುತ್ತದೆ. ಸಕಲೇಶಪುರವನ್ನು ತಲುಪುವುದು ಸುಲಭ, ತಲುಪಿದ ಮೇಲೆ ಸುತ್ತಾಡುವುದು ಕಷ್ಟ. ಕಳಸವನ್ನು ತಲುಪುವುದು ಕಷ್ಟ, ತಲುಪಿದ ಮೇಲೆ ಎಲ್ಲವೂ ಹತ್ತಿರ. ಕಾರಿದ್ದವರಿಗೆ ಈ ವ್ಯತ್ಯಾಸ ಗಮನಕ್ಕೇ ಬರುವುದಿಲ್ಲ. ಕಾರಿಲ್ಲದವರು ಊರನ್ನು ಆಯ್ಕೆ ಮಾಡುವಾಗ ಮೊದಲು ನೋಡಬೇಕಾದದ್ದೇ ಇದು.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಕಲೇಶಪುರ ಪಟ್ಟಣ ರಾಷ್ಟ್ರೀಯ ಹೆದ್ದಾರಿ 75ರ ಮೇಲಿದೆ. ಬಸ್ ನಿಲ್ದಾಣದಿಂದ ಹೊರಬಂದರೆ ಎದುರಾಗುವುದು ಮಂಗಳೂರಿನ ಕಡೆಯ ಲಾರಿಗಳೇ ಹೊರತು ಕಾಡಲ್ಲ. ಸಕಲೇಶಪುರದ ಹೆಸರಿನಲ್ಲಿ ಜನ ನೋಡಿಬರುವ ಜಾಗಗಳು ಪಟ್ಟಣದ ನಾಲ್ಕೂ ದಿಕ್ಕಿಗೆ ಚದುರಿವೆ. ಮಂಜರಾಬಾದ್ ಕೋಟೆಯೊಂದು ಹತ್ತಿರ, ಆರು ಕಿಲೋಮೀಟರ್ ಒಳಗೆ. ಬಿಸಿಲೆ ದಕ್ಷಿಣಕ್ಕೆ ಒಂದೂವರೆ ಗಂಟೆಯ ಹಾದಿ. ಎತ್ತಿನಭುಜ ಬೆಟ್ಟ ಉತ್ತರಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ, ಅದೂ ನಿಜವಾಗಿ ನಮ್ಮ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದು. ಬೆಟ್ಟದ ಭೈರವೇಶ್ವರ, ಮೂಕನಮನೆ ಜಲಪಾತ ಇವುಗಳಿಗೂ ಬೇರೆ ಬೇರೆ ರಸ್ತೆಗಳು. ಹಳ್ಳಿಯ ಬಸ್ಸುಗಳು ಶಾಲೆ, ಸಂತೆಗಳ ಹೊತ್ತಿಗೆ ಹೊಂದಿಕೊಂಡು ಓಡುತ್ತವೆಯೇ ಹೊರತು ನಮ್ಮ ಹೊತ್ತಿಗಲ್ಲ. ಆದ್ದರಿಂದ ದಿನಬಾಡಿಗೆಗೆ ಜೀಪು ಮಾಡುವುದು ಅನಿವಾರ್ಯವಾಗುತ್ತದೆ. ಬೆಂಗಳೂರಿನಿಂದಲೇ ಕಾರು ಮಾಡಿಕೊಂಡು ಹೋಗಲು ಮನಸ್ಸಿಲ್ಲದವರು ಅಲ್ಲಿಗೆ ಹೋಗಿ ಪ್ರತಿದಿನ ವಾಹನಕ್ಕಾಗಿ ಚೌಕಾಸಿ ಮಾಡುತ್ತ ನಿಲ್ಲಬೇಕಾದೀತು.

ಕಳಸದಲ್ಲಿ ಹಾಗಲ್ಲ. ಊರಿನ ನಡುವೆ ಮೆಟ್ಟಿಲು ಹತ್ತಿದರೆ ಕಳಸೇಶ್ವರ, ಊರಿನ ಅಂಚಿನಲ್ಲೇ ಭದ್ರೆ. ಹೊರನಾಡು ಎಂಟು ಕಿಲೋಮೀಟರ್, ಬಸ್ಸುಗಳಿಗೆ ಕೊರತೆಯಿಲ್ಲ. ಕುದುರೆಮುಖದ ಕಡೆಗೆ ಹೋಗುವ ರಸ್ತೆಯಲ್ಲಿ ಸಂಸೆ, ಅದೂ ದೂರವಲ್ಲ. ಜೀಪು ಅಲ್ಲಿ ಪ್ರವಾಸಿಗರಿಗೆಂದು ಹುಟ್ಟಿಕೊಂಡ ವ್ಯವಸ್ಥೆಯೇನಲ್ಲ. ಸುತ್ತಲಿನ ಹಳ್ಳಿಯ ಜನ ದಿನಸಿ ತರುವುದೂ ಆಸ್ಪತ್ರೆಗೆ ಹೋಗುವುದೂ ಅದರಲ್ಲೇ. ಮೂರು ದಿನ ನಿಮ್ಮ ಸ್ವಂತ ವಾಹನವಿಲ್ಲದೆ, ಯಾರ ಮುಲಾಜಿಗೂ ಒಳಗಾಗದೆ ಇರಬಹುದಾದ ಊರು ಅದು.

ಮಲ್ಲೇಶ್ವರದ ಗೃಹಸ್ಥ:

ಇಬ್ಬರಿಗೂ ಧನ್ಯವಾದಗಳು. ಘಟ್ಟದಂಚಿನವರ ಮಾತಿನಿಂದ ವಿಷಯವನ್ನು ನೋಡುವ ರೀತಿಯೇ ಬದಲಾಯಿತು. ಆದರೂ ಎರಡು ಸಂದೇಹಗಳು ಉಳಿದಿವೆ. ಕಳಸದಲ್ಲಿ ಉಳಿದು ಮಾಡಬಹುದಾದ ಕುದುರೆಮುಖದ ಚಾರಣ ಅಭ್ಯಾಸವಿಲ್ಲದ ಮಕ್ಕಳಿಗೆ ಸಾಧ್ಯವೇ? ನಾವು ನಾಲ್ವರೂ ಬೆಟ್ಟಕ್ಕೆ ಹೋದರೆ ತಾಯಿಯವರು ಆ ದಿನವನ್ನು ಹೇಗೆ ಕಳೆಯಬೇಕು?

ಹುಲ್ಲುಗಾವಲು:

ಮೊದಲನೆಯ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ. ಕುದುರೆಮುಖ ಶಿಖರದ ಎತ್ತರ ಸುಮಾರು 1,890 ಮೀಟರ್. ನಡಿಗೆ ಆರಂಭವಾಗುವುದು ಮುಳ್ಳೋಡಿಯಿಂದ. ಹೋಗಿಬರುವುದಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ದಾರಿ ಕಡಿದಾಗಿರುವುದಕ್ಕಿಂತ ಉದ್ದವಾಗಿರುವುದೇ ಹೆಚ್ಚು. ಮೊದಲ ಭಾಗದಲ್ಲಿ ಹಳ್ಳಗಳನ್ನು ದಾಟುತ್ತ, ಬೆಟ್ಟದ ಕಣಿವೆಗಳಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡಿನ ನೆರಳಿಗೆ ನುಗ್ಗುತ್ತ ಹೊರಬರುತ್ತ ಸಾಗುತ್ತೀರಿ. ಒಂಟಿಮರ ದಾಟಿದ ಮೇಲೆ ಹುಲ್ಲಿನ ಏಣುಗಳು ತೆರೆದುಕೊಳ್ಳುತ್ತವೆ. ಅಲ್ಲಿಂದ ಮುಂದೆ ಬಿಸಿಲಿಗೆ ಮರೆಯಿಲ್ಲ, ಗಾಳಿಗೆ ತಡೆಯಿಲ್ಲ. ನಿಜವಾದ ಏರು ಕೊನೆಯ ಭಾಗದ್ದು. ಸಾಮಾನ್ಯವಾಗಿ ಏಳರಿಂದ ಒಂಬತ್ತು ಗಂಟೆಗಳ ಕೆಲಸ. ಹದಿನಾಲ್ಕು ವರ್ಷದ ಹುಡುಗನಿಗೆ ಇದು ಸಾಧ್ಯ. ದಿನವಿಡೀ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವ ತಂದೆಗೆ ಸಾಧ್ಯವೇ ಎಂಬುದನ್ನು ಮೊದಲು ಪರೀಕ್ಷಿಸಿಕೊಳ್ಳಿ. ಈಗಿನಿಂದಲೇ ಬೆಳಿಗ್ಗೆ ಸ್ಯಾಂಕಿ ಕೆರೆಯ ಸುತ್ತ ಚುರುಕಾಗಿ ನಡೆಯುವುದನ್ನೂ ಮನೆಯ ಮೆಟ್ಟಿಲು ಹತ್ತಿಳಿಯುವುದನ್ನೂ ಆರಂಭಿಸಿದರೆ ಆ ದಿನ ಮೊಣಕಾಲು ನಿಮಗೆ ಋಣಿಯಾಗಿರುತ್ತದೆ. ಕಷ್ಟ ಕೊಡುವುದು ಏರಲ್ಲ, ಇಳಿಜಾರು.

ಅದಕ್ಕಿಂತ ಮುಖ್ಯವಾದದ್ದು ಅನುಮತಿ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಜನಸಾಗರವೇ ಸೇರಿದ ಚಿತ್ರಗಳನ್ನು ನೀವೂ ನೋಡಿರಬಹುದು. ಅದರ ನಂತರ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನು ನಿಲ್ಲಿಸಿತು, ಅದೇ ವರ್ಷ ‘ಅರಣ್ಯ ವಿಹಾರ’ ಎಂಬ ಜಾಲತಾಣವನ್ನು ತೆರೆಯಿತು. ಈಗ ಒಂದು ಹಾದಿಗೆ ದಿನಕ್ಕೆ 300 ಮಂದಿಯ ಮಿತಿಯಿದೆ. ಕುದುರೆಮುಖ ಮತ್ತು ನೇತ್ರಾವತಿ ಶಿಖರಗಳ ವಾರಾಂತ್ಯದ ಜಾಗಗಳು ನೋಂದಣಿ ತೆರೆದ ಕೂಡಲೇ ತುಂಬಿಹೋಗುತ್ತವೆ, ರಾಜ್ಯೋತ್ಸವದಂಥ ರಜೆಯಲ್ಲಿ ಹೇಳುವುದೇ ಬೇಡ. ಆದ್ದರಿಂದ ಕ್ರಮ ತಲೆಕೆಳಗಾಗಬೇಕು: ಮೊದಲು ಚಾರಣದ ಅನುಮತಿ, ಆಮೇಲೆ ವಸತಿ, ಕೊನೆಗೆ ಬಸ್ಸು. ನೋಂದಾಯಿಸಿದ ಹೆಸರು ಮತ್ತು ಗುರುತಿನ ಚೀಟಿ ಹೊಂದಬೇಕು. ವಾರದ ನಡುವಿನ ದಿನವೊಂದನ್ನು ಬೆಟ್ಟಕ್ಕೆ ಮೀಸಲಿಟ್ಟು ವಾರಾಂತ್ಯವನ್ನು ಊರಿಗೆ ಬಿಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗುವಂತಿಲ್ಲ, ಕತ್ತಲಾಗುವ ಮೊದಲೇ ಕೆಳಗಿಳಿದಿರಬೇಕು. ಮುಳ್ಳೋಡಿಯಲ್ಲಿ ಚೀಲಗಳನ್ನು ತಪಾಸಣೆ ಮಾಡುತ್ತಾರೆ. ಪ್ಲಾಸ್ಟಿಕ್ ಪೊಟ್ಟಣಗಳನ್ನು ಒಯ್ಯದಿರುವುದೇ ಕ್ಷೇಮ. ನಿಯಮಗಳು ಹೆಚ್ಚಾದವೆಂದು ಗೊಣಗುವವರನ್ನು ಕಂಡಿದ್ದೇನೆ. ನನಗಂತೂ ಇವು ಹೆಚ್ಚೆನಿಸುವುದಿಲ್ಲ. ಇದೇ ಬೆಟ್ಟಸಾಲಿನಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯಿತು. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತಾದರೂ ಗಣಿ ನಿಂತದ್ದು 2002ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 2005ರ ಕೊನೆಯಲ್ಲಿ. ಅಷ್ಟು ಹೋರಾಟದಿಂದ ಉಳಿದ ಸುಮಾರು 600 ಚದರ ಕಿಲೋಮೀಟರ್ ಹುಲ್ಲುಗಾವಲು ಮತ್ತು ಕಾಡಿಗೆ ದಿನಕ್ಕೆ ಮುನ್ನೂರು ಜನರೇ ಭಾರ.

ತೋಟದ ಮನೆ:

ಸಕಲೇಶಪುರದ ಪರವಾಗಿ ಮಾತನಾಡಬೇಕಾದದ್ದು ನನ್ನ ಕರ್ತವ್ಯ, ಏಕೆಂದರೆ ನಮ್ಮ ಅಣ್ಣನವರ ಕಾಫಿ ತೋಟ ಅಲ್ಲಿದೆ. ಘಟ್ಟದಂಚಿನವರು ಸಕಲೇಶಪುರವನ್ನು ಜಾಗಗಳ ಪಟ್ಟಿಯಾಗಿ ನೋಡಿದ್ದಾರೆ. ನಮ್ಮ ಕಡೆಗೆ ಬರುವವರು ಪಟ್ಟಣದಲ್ಲಿ ಉಳಿಯಬಾರದು, ಪಟ್ಟಿ ಹಿಡಿದು ಅಲೆಯಲೂಬಾರದು. ತೋಟದ ನಡುವಿನ ಹೋಂಸ್ಟೇಯಲ್ಲಿ ಉಳಿದರೆ ಅವರೇ ನಿಲ್ದಾಣಕ್ಕೆ ಜೀಪು ಕಳಿಸುತ್ತಾರೆ, ಮೂರು ಹೊತ್ತಿನ ಊಟ ಹಾಕುತ್ತಾರೆ, ತೋಟದ ಹಾದಿಗಳಲ್ಲಿ ನಡೆಸಿಕೊಂಡು ಹೋಗುತ್ತಾರೆ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗತೊಡಗಿರುತ್ತದೆ. ಕೊಯ್ಲು ಆರಂಭವಾದ ತೋಟದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್, ಕಣದಲ್ಲಿ ಬೀಜ ಒಣಗಿಸುವುದು ಎಲ್ಲವನ್ನೂ ನೋಡಬಹುದು. ಹಿರಿಯರಿಗೆ ಜಗುಲಿಯಲ್ಲಿ ಕುಳಿತೇ ಹೊತ್ತು ಹೋಗುತ್ತದೆ.

ಮಂಜರಾಬಾದ್ ಕೋಟೆಯನ್ನು ಅವರು ಒಂದೇ ಸಾಲಿನಲ್ಲಿ ಮುಗಿಸಿದ್ದೂ ಸರಿಯಲ್ಲ. 1792ರಲ್ಲಿ ಟಿಪ್ಪು ಸುಲ್ತಾನ್ ಫ್ರೆಂಚ್ ಮಾದರಿಯಲ್ಲಿ ಕಟ್ಟಿಸಿದ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯದು. ಒಳಗೆ ನಿಂತಾಗ ಆಕಾರ ತಿಳಿಯುವುದಿಲ್ಲ. ಗೋಡೆಯ ಮೇಲೆ ನಡೆಯುತ್ತ ಹೋದಂತೆ ಪ್ರತಿ ತಿರುವಿನಲ್ಲೂ ಘಟ್ಟ ಬೇರೆ ಕೋನದಿಂದ ಕಾಣಿಸುತ್ತದೆ. ಇನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳಿರುವುದರಿಂದ ತಾಯಿಯವರಿಗೆ ಕಷ್ಟವಾಗಬಹುದು. ಮಕ್ಕಳಿಗೆ ಅದು ಇಷ್ಟವಾಗದಿದ್ದರೆ ನನ್ನನ್ನು ಕೇಳಿ.

ಆದರೆ ಪ್ರಾಮಾಣಿಕವಾಗಿ ಹೇಳಬೇಕಾದ ಒಂದು ವಿಷಯವಿದೆ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳು ಈಗ ತೋಟಗಳೊಳಗೇ ಇರುತ್ತವೆ. ಹಗಲು ಕಾಫಿ ಗಿಡಗಳ ನೆರಳಿನಲ್ಲಿ ನಿಂತು ಸಂಜೆ ಗದ್ದೆಗೆ ಇಳಿಯುತ್ತವೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಹಿಂಡು ಎಲ್ಲಿದೆಯೆಂದು ಜನರಿಗೆ ಸಂದೇಶ ಕಳಿಸುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಕೂಲಿಯವರು ನೋಡುವುದು ಅದನ್ನೇ. ಆದ್ದರಿಂದ ನಸುಕಿನಲ್ಲಿ ಅಥವಾ ಮುಸ್ಸಂಜೆ ನಿಮ್ಮಷ್ಟಕ್ಕೆ ನೀವು ತೋಟದ ರಸ್ತೆಯಲ್ಲಿ ವಾಯುವಿಹಾರಕ್ಕೆ ಹೊರಡುವಂತಿಲ್ಲ. ಮನೆಯವರು ಬೇಡವೆಂದರೆ ಬೇಡ. ಬೆಂಗಳೂರಿನಿಂದ ಬಂದ ಅತಿಥಿಗಳು ಇದನ್ನು ಅತಿಯಾದ ಅಂಜಿಕೆಯೆಂದು ಭಾವಿಸಿ ನಕ್ಕಾಗ ನಮ್ಮವರಿಗೆ ಬೇಸರವಾಗುತ್ತದೆ. ಆ ರಸ್ತೆಗಳಲ್ಲಿ ಜೀವ ಕಳೆದುಕೊಂಡವರು ನಮಗೆ ಪರಿಚಿತರು.

ಜಯನಗರದ ಅಜ್ಜಿ:

ಮೊಣಕಾಲು ನೋವಿರುವವರ ಪರವಾಗಿ ನಾನೇ ಮಾತನಾಡುವುದು ಉಚಿತ, ಏಕೆಂದರೆ ಇಲ್ಲಿ ಎಲ್ಲರೂ ನಮ್ಮ ಬಗ್ಗೆ ಮಾತನಾಡುತ್ತಿದ್ದಾರೆ, ನಮ್ಮನ್ನು ಕೇಳುತ್ತಿಲ್ಲ. ಮಗ ಸೊಸೆ ಮೊಮ್ಮಕ್ಕಳು ಬೆಟ್ಟಕ್ಕೆ ಹೋದಾಗ ಹಿಂದೆ ಉಳಿದವರಿಗೆ ಬೇಕಾದದ್ದು ಸುಂದರ ನೋಟವಿರುವ ಜಗುಲಿಯಲ್ಲ. ಜಗುಲಿಯಲ್ಲಿ ಒಂದು ಗಂಟೆ ಕುಳಿತರೆ ಸಾಕಾಗುತ್ತದೆ. ನಮಗೆ ಬೇಕಾದದ್ದು ಯಾರ ಸಹಾಯವೂ ಇಲ್ಲದೆ ಹೋಗಿಬರಬಹುದಾದ ಒಂದು ಜಾಗ, ಜನರ ಓಡಾಟ, ಹೊತ್ತಿಗೆ ಸರಿಯಾದ ಊಟ ಮತ್ತು ಶುಚಿಯಾದ ಶೌಚಾಲಯ.

ಕಳಸದಲ್ಲಿ ಉಳಿದರೆ ಅಮ್ಮನವರು ಬೆಳಿಗ್ಗೆ ತಿಂಡಿ ಮುಗಿಸಿ ಬಸ್ಸಿನಲ್ಲೋ ಆಟೊದಲ್ಲೋ ಹೊರನಾಡಿಗೆ ಹೋಗಿ, ಅನ್ನಪೂರ್ಣೇಶ್ವರಿಯ ದರ್ಶನ ಮಾಡಿ, ಅಲ್ಲಿಯೇ ಪ್ರಸಾದದ ಊಟ ಮಾಡಿ, ಮಧ್ಯಾಹ್ನದ ಬಿಸಿಲಿಗೆ ಕೋಣೆ ಸೇರಬಹುದು. ಸಂಜೆ ಊರಿನ ಪೇಟೆಬೀದಿಯಲ್ಲಿ ಒಂದು ಸುತ್ತು. ದೇವಸ್ಥಾನಗಳೆರಡರಲ್ಲೂ ಮೆಟ್ಟಿಲುಗಳಿವೆ, ನಿಧಾನವಾಗಿ ಹಿಡಿಕೆ ಹಿಡಿದು ಹತ್ತಬೇಕು. ಅವರಿಗೆ ದೇವರಲ್ಲಿ ಅಷ್ಟೇನೂ ಆಸಕ್ತಿಯಿಲ್ಲವೆಂದರೆ ನನ್ನ ಈ ಮಾತೆಲ್ಲ ವ್ಯರ್ಥ. ಆಗ ತೋಟದ ಮನೆಯವರ ಜಗುಲಿಯೇ ಮೇಲು.

ಬಸ್ಸಿನ ವಿಷಯದಲ್ಲಿ ರೈಲುಪ್ರಿಯರು ಹೇಳಿದ್ದು ಸುಳ್ಳಲ್ಲ. ಕೊಟ್ಟಿಗೆಹಾರ ದಾಟಿದ ಮೇಲೆ ಕಳಸದವರೆಗೂ ತಿರುವುಗಳೇ. ಮುಂದಿನ ಸಾಲುಗಳ ಆಸನ ಹಿಡಿಯಿರಿ, ರಾತ್ರಿ ಊಟ ಹಗುರವಾಗಿರಲಿ, ವಾಂತಿಯ ಮಾತ್ರೆಯನ್ನು ವೈದ್ಯರಲ್ಲಿ ಕೇಳಿ ಇಟ್ಟುಕೊಳ್ಳಿ. ಸ್ಲೀಪರ್ ಬಸ್ಸು ಸಿಕ್ಕಿದರೆ ಅಮ್ಮನವರಿಗೆ ಕೆಳಗಿನ ಹಾಸಿಗೆಯನ್ನೇ ಕಾಯ್ದಿರಿಸಬೇಕು. ಇದನ್ನು ಹೇಳಬೇಕಾಗಿ ಬರುತ್ತದೆಯೆಂಬುದೇ ಆಶ್ಚರ್ಯ, ಆದರೆ ಬರುತ್ತದೆ.

ಹೊಸ ಬೂಟು:

ಎರಡಕ್ಕೂ ಹೋದರೆ ಹೇಗೆ? ಮೊದಲ ರಾತ್ರಿ ಸಕಲೇಶಪುರ, ಎರಡನೆಯ ರಾತ್ರಿ ಕಳಸ. ನಡುವಿನ ದೂರ ನಕ್ಷೆಯಲ್ಲಿ ನೂರು ಕಿಲೋಮೀಟರಿನ ಆಸುಪಾಸು ಕಾಣಿಸುತ್ತದೆ.

ಘಟ್ಟದಂಚಿನವ:

ನಕ್ಷೆಯ ನೂರು ಕಿಲೋಮೀಟರ್ ಮಲೆನಾಡಿನಲ್ಲಿ ಅರ್ಧ ದಿನ. ಸಕಲೇಶಪುರದಿಂದ ಮೂಡಿಗೆರೆಗೆ ಒಂದು ಬಸ್ಸು, ಅಲ್ಲಿಂದ ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಇನ್ನೊಂದು ಬಸ್ಸು, ನಡುವೆ ಕಾಯುವ ಹೊತ್ತು. ಐದು ಜನರ ಸಾಮಾನು ಹೊತ್ತುಕೊಂಡು ಎರಡು ಕಡೆ ಕೋಣೆ ಹಿಡಿದು ಬಿಡುವುದರೊಳಗೆ ಎರಡು ಊರೂ ಕೈತಪ್ಪುತ್ತವೆ. ಆ ದಾರಿಯಲ್ಲಿ ಹೋಗುವುದೇ ಆದರೆ ಕೊಟ್ಟಿಗೆಹಾರದ ನೀರುದೋಸೆಗಾಗಿ ಹೋಗಬಹುದು, ಅದನ್ನು ನಾನು ಅಲ್ಲಗಳೆಯಲಾರೆ.

ವಿಷಯಕ್ಕೆ ಅಷ್ಟೇನೂ ಸಂಬಂಧವಿಲ್ಲದಿದ್ದರೂ ಒಂದು ಮಾತು. ಸಕಲೇಶಪುರದ ಹೇಮಾವತಿ ಹುಟ್ಟುವುದು ಕೊಟ್ಟಿಗೆಹಾರದ ಹತ್ತಿರದ ಜಾವಳಿಯಲ್ಲಿ. ಅಲ್ಲಿಂದ ಹೇಮಾವತಿ ದಕ್ಷಿಣಕ್ಕೆ ಇಳಿದು ಕಾವೇರಿಯನ್ನು ಸೇರುತ್ತಾಳೆ. ಕಳಸದ ಭದ್ರೆ ಗಂಗಾಮೂಲದಲ್ಲಿ ಹುಟ್ಟಿ ಉತ್ತರಕ್ಕೆ ಹೋಗಿ ತುಂಗೆಯ ಜೊತೆ ಕೃಷ್ಣೆಯನ್ನು ಸೇರುತ್ತಾಳೆ. ಮಲ್ಲೇಶ್ವರದ ನಲ್ಲಿಯಲ್ಲಿ ಬರುವ ಕಾವೇರಿ ನೀರಿನಲ್ಲಿ ಜಾವಳಿಯ ಪಾಲೂ ಇದೆ. ಮಕ್ಕಳಿಗೆ ಹೇಳಿ, ಭೂಗೋಳದ ಪಾಠವೂ ಆದೀತು.

ರೈಲುಪ್ರಿಯ:

ನನ್ನ ಅಭಿಪ್ರಾಯ ಬದಲಾಗಿಲ್ಲ. ಮಳೆ ಬಂದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಯನ್ನು ಯಾರೂ ಎತ್ತಿಲ್ಲ. ಅಕ್ಟೋಬರ್ ಕೊನೆಯೆಂದರೆ ಸ್ವಾತಿ ಮಳೆ, ಹಿಂಗಾರಿನ ಕಾಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಬೆಂಗಳೂರು ನೆನೆದಷ್ಟೇ ಮಲೆನಾಡೂ ನೆನೆಯುತ್ತದೆ. ಕಳಸದಲ್ಲಿ ಚಾರಣ ರದ್ದಾದರೆ ಮಕ್ಕಳಿಗೆ ಉಳಿಯುವುದೇನು? ಸಕಲೇಶಪುರದಲ್ಲಿ ಕನಿಷ್ಠ ರೈಲಿನ ಕಿಟಕಿಯಾದರೂ ಇರುತ್ತದೆ; ಮಳೆಯಲ್ಲಿ ಆ ಘಟ್ಟ ಇನ್ನೂ ಚೆಂದ.

ಘಟ್ಟದಂಚಿನವ:

ಮಳೆ ಜೋರಾದರೆ ರೈಲಿನ ಹಳಿಗೂ ಗುಡ್ಡ ಕುಸಿಯುತ್ತದೆ, ಶಿರಾಡಿ ಘಾಟಿಯ ಹೆದ್ದಾರಿಯೂ ಮುಚ್ಚುತ್ತದೆ. 2018ರ ಮತ್ತು 2024ರ ಮುಂಗಾರಿನಲ್ಲಿ ಆದದ್ದು ಎಲ್ಲರಿಗೂ ನೆನಪಿದೆ. ಆದರೆ ಅದು ಜುಲೈ, ಆಗಸ್ಟಿನ ಮಾತು. ನವೆಂಬರಿಗೆ ಆ ಭಯವನ್ನು ಎರಡೂ ಊರಿಗೆ ಹಚ್ಚುವುದು ನ್ಯಾಯವಲ್ಲ. ಹಿಂಗಾರು ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರ ಗುಡುಗಿನೊಂದಿಗೆ ಬರುತ್ತದೆ, ಬೆಳಗು ತೊಳೆದಂತಿರುತ್ತದೆ. ಬೆಳಿಗ್ಗೆ ಬೇಗ ಬೆಟ್ಟ ಹತ್ತಲು ಹೊರಟವರು ಹಿಂದಿರುಗುವಾಗ ನೆನೆಯಬಹುದು, ಅಷ್ಟೇ. ಹುಲ್ಲಿನ ಏಣಿನ ಮೇಲೆ ಗುಡುಗು ಕೇಳಿಸಿದರೆ ಮಾತ್ರ ತುದಿಯ ಆಸೆ ಬಿಟ್ಟು ಮಾರ್ಗದರ್ಶಿ ಹೇಳಿದಂತೆ ಇಳಿಯಬೇಕು.

ಚಾರಣ ತಪ್ಪಿದರೆ ಏನು ಮಾಡಬೇಕೆಂದು ಕೇಳಿದ್ದೀರಿ. ಅಂಬುತೀರ್ಥಕ್ಕೆ ಹೋಗಬಹುದು. ಕಳಸದ ಪಂಚತೀರ್ಥಗಳಲ್ಲಿ ಒಂದಾದ ಅಲ್ಲಿ ಭದ್ರೆ ಬಂಡೆಗಳ ನಡುವೆ ಕಿರಿದಾಗಿ ನುಗ್ಗುತ್ತಾಳೆ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ಇಟ್ಟರೆಂದು ಹೇಳುವ ದೊಡ್ಡ ಚಪ್ಪಡಿಬಂಡೆಯೂ ಅದರ ಮೇಲೆ ಶಾಸನವೂ ಇವೆ. ನೋಡುವುದಕ್ಕೆ ಮಾತ್ರ, ಈಜುವುದಕ್ಕಲ್ಲ. ನೀರು ಶಾಂತವಾಗಿ ಕಂಡರೂ ಬಂಡೆಯಡಿ ಸೆಳೆತ ಬಲವಾಗಿದೆ. ಹೊರನಾಡಿನ ಆಚೆ ಕ್ಯಾತನಮಕ್ಕಿ ಎಂಬ ಗುಡ್ಡವಿದೆ. ಜೀಪು ಬಹುತೇಕ ಮೇಲಿನವರೆಗೂ ಹೋಗುವುದರಿಂದ, ಬೆನ್ನು ಗಟ್ಟಿಯಿದ್ದರೆ ಹಿರಿಯರೂ ಹೋಗಬಹುದು. ಕಾರ್ಕಳದ ಕಡೆಯ ಬಸ್ಸು ಹತ್ತಿ ಕುದುರೆಮುಖ ಪಟ್ಟಣದವರೆಗೆ ಹೋಗಿ ಮರಳಿದರೂ ಉದ್ಯಾನದ ಕಾಡು ಕಿಟಕಿಯಲ್ಲೇ ಸಿಗುತ್ತದೆ. ಸ್ವಂತ ವಾಹನದವರು ಆ ರಸ್ತೆಯ ನಡುವೆ ಎಲ್ಲೆಂದರಲ್ಲಿ ನಿಲ್ಲಿಸುವಂತಿಲ್ಲ, ಬಸ್ಸಿನವರಿಗೆ ಆ ತಾಪತ್ರಯವೇ ಇಲ್ಲ. ರೈಲುಪ್ರಿಯರ ಕಿಟಕಿಗೆ ಇದು ನನ್ನ ಉತ್ತರ.

ತೋಟದ ಮನೆ:

ವಾದದಲ್ಲಿ ಸೋತೆನೆಂದು ಒಪ್ಪುವುದಿಲ್ಲ. ಆದರೆ ಮೈ ದಣಿಯುವ ಬೆಟ್ಟವೇ ಬೇಕು, ಕಾರಿಲ್ಲ, ತಾಯಿಯವರು ಸ್ವತಂತ್ರವಾಗಿ ಓಡಾಡಬೇಕು ಎಂಬ ಮೂರು ಷರತ್ತುಗಳನ್ನು ಒಟ್ಟಿಗೆ ಇಟ್ಟರೆ ಕಳಸದ ಕಡೆಗೇ ತಕ್ಕಡಿ ವಾಲುತ್ತದೆ. ಮಕ್ಕಳಿಗೆ ಅರ್ಧ ದಿನದ ಏರು ಸಾಕೆನಿಸಿದರೆ ಎತ್ತಿನಭುಜವೇ ಸಾಕಾಗುತ್ತದೆ. ಕೊನೆಯ ಬಂಡೆಯ ಏರಿನಲ್ಲಿ ಕೈಗಳನ್ನೂ ಬಳಸಬೇಕು, ಮಿಕ್ಕಂತೆ ಸುಲಭ. ಅದಕ್ಕೂ ಮುಂಗಡ ನೋಂದಣಿ ಬೇಕೆಂಬುದನ್ನು ಮರೆಯಬೇಡಿ. ಸಕಲೇಶಪುರಕ್ಕೆ ಮಾರ್ಚ್ ಕೊನೆಯಲ್ಲೋ ಏಪ್ರಿಲಿನಲ್ಲೋ ಬನ್ನಿ. ಹೂಮಳೆ ಬಿದ್ದ ಒಂದು ವಾರದ ನಂತರ ಕಾಫಿ ಹೂ ಬಿಟ್ಟಾಗ ಹಾಸನದಿಂದ ಮುಂದೆ ರೈಲಿನೊಳಗೂ ಪರಿಮಳ ಬರುತ್ತದೆ. ಆ ಹೊತ್ತಿಗೆ ಕಾಳ್ಗಿಚ್ಚಿನ ಭಯದಿಂದ ಬೆಟ್ಟದ ಹಾದಿಗಳನ್ನು ಮುಚ್ಚುವುದೂ ಉಂಟು, ಆದ್ದರಿಂದ ಆಗ ತೋಟಕ್ಕೆಂದೇ ಬರಬೇಕು.

ಮಲ್ಲೇಶ್ವರದ ಗೃಹಸ್ಥ:

ಮನೆಯಲ್ಲಿ ಎಲ್ಲವನ್ನೂ ಓದಿ ಹೇಳಿದೆ. ಜಯನಗರದ ಅಜ್ಜಿಯವರ ಮಾತು ಕೇಳಿ ತಾಯಿಯವರು ಹೊರನಾಡಿಗೆ ಒಬ್ಬರೇ ಹೋಗಿಬರುವುದಾಗಿ ಘೋಷಿಸಿದ್ದಾರೆ. ಜೊತೆಗೆ ಯಾರಾದರೂ ಉಳಿಯಲಿ ಎಂದರೆ ಕೋಪಿಸಿಕೊಂಡರು. ಆದ್ದರಿಂದ ಕಳಸವೆಂದೇ ನಿರ್ಧರಿಸಿದ್ದೇವೆ. ಚಾರಣವನ್ನು ಶುಕ್ರವಾರಕ್ಕೆ ಇಟ್ಟುಕೊಂಡು, ಅನುಮತಿ ಸಿಕ್ಕ ಮೇಲೆಯೇ ಬಸ್ಸು ಕಾಯ್ದಿರಿಸುತ್ತೇವೆ. ಸಿಗದಿದ್ದರೆ ನೇತ್ರಾವತಿ ಶಿಖರಕ್ಕೆ ಪ್ರಯತ್ನಿಸುತ್ತೇವೆ. ಸಕಲೇಶಪುರವನ್ನು ಕಾಫಿ ಹೂವಿನ ಕಾಲಕ್ಕೆ ಮೀಸಲಿಟ್ಟಿದ್ದೇವೆ. ಆಗ ರೈಲುಪ್ರಿಯರನ್ನು ಮತ್ತೆ ಪೀಡಿಸುತ್ತೇನೆ.

ಇನ್ನೆರಡು ಸಣ್ಣ ಪ್ರಶ್ನೆಗಳಿವೆ. ಉಳಿಯುವುದು ಕಳಸದ ಪೇಟೆಯಲ್ಲೋ, ಮುಳ್ಳೋಡಿಗೆ ಹತ್ತಿರವಾಗುವಂತೆ ಸಂಸೆಯ ಹೋಂಸ್ಟೇಯಲ್ಲೋ? ಉಂಬಳಕ್ಕೆ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆಗೆ, ಏನು ಮಾಡಬೇಕು? ಮಗಳು ಆ ಹೆಸರು ಕೇಳಿಯೇ ಹೆದರಿದ್ದಾಳೆ.

ಹುಲ್ಲುಗಾವಲು:

ಚಾರಣ ಮಾಡುವವರಷ್ಟೇ ಇದ್ದಿದ್ದರೆ ಸಂಸೆ ಎನ್ನುತ್ತಿದ್ದೆ. ತಾಯಿಯವರು ಒಬ್ಬರೇ ಓಡಾಡಬೇಕಾದ್ದರಿಂದ ಕಳಸದ ಪೇಟೆಯಲ್ಲೇ ಉಳಿಯಿರಿ. ಮುಳ್ಳೋಡಿಯವರೆಗಿನ ಕೊನೆಯ ಕೆಲವು ಕಿಲೋಮೀಟರ್ ಕಲ್ಲುಮಣ್ಣಿನ ದಾರಿ, ಅಲ್ಲಿಗೆ ಜೀಪೇ ಗತಿ. ಹಿಂದಿನ ಸಂಜೆಯೇ ಜೀಪಿನವರ ಬಳಿ ಹೊರಡುವ ಹೊತ್ತು, ಹಿಂದಿರುಗುವಾಗ ಕಾಯುವ ಜಾಗ ಮತ್ತು ಒಟ್ಟು ಬಾಡಿಗೆಯನ್ನು ಮಾತನಾಡಿಕೊಳ್ಳಿ, ಏಕೆಂದರೆ ಮುಳ್ಳೋಡಿಯಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಮಧ್ಯಾಹ್ನಕ್ಕೆ ಬುತ್ತಿಯನ್ನು ಡಬ್ಬಿಯಲ್ಲೇ ಕಟ್ಟಿಸಿಕೊಳ್ಳಿ. ಚಿತ್ರಾನ್ನಕ್ಕಿಂತ ಚಪಾತಿ ಪಲ್ಯ ಒಳ್ಳೆಯದು. ಗಾಳಿಯಲ್ಲಿ ಕೂತು ತಿನ್ನುವಾಗ ಅದರ ಬೆಲೆ ತಿಳಿಯುತ್ತದೆ.

ಉಂಬಳ ನವೆಂಬರಿನ ಹೊತ್ತಿಗೆ ಕಡಿಮೆಯಾಗಿರುತ್ತದೆ, ಹಿಂದಿನ ದಿನ ಮಳೆಯಾಗಿದ್ದರೆ ಮಾತ್ರ ಶೋಲಾ ಕಾಡಿನೊಳಗೆ ಎದುರಾಗುತ್ತದೆ. ಉದ್ದನೆಯ ಕಾಲುಚೀಲದೊಳಗೆ ಪ್ಯಾಂಟಿನ ತುದಿ ಸೇರಿಸಿ, ಹೊರಗೆ ಹೊಗೆಸೊಪ್ಪಿನ ನೀರನ್ನೋ ಸುಣ್ಣವನ್ನೋ ಸವರಿದರೆ ಹತ್ತುವುದು ಅಪರೂಪ. ಹತ್ತಿದರೆ ಎಳೆದು ಕೀಳದೆ ಉಪ್ಪು ತಾಗಿಸಿ, ತಾನೇ ಬಿಡುತ್ತದೆ. ಹುಲ್ಲಿನಲ್ಲಿ ಕೂರಬೇಡಿ, ಬಂಡೆಯ ಮೇಲೆ ಕುಳಿತುಕೊಳ್ಳಿ. ಮಗಳಿಗೆ ತಿಳಿ ಬಣ್ಣದ ಪ್ಯಾಂಟು ಹಾಕಿಕೊಳ್ಳಲು ಹೇಳಿ. ಕಪ್ಪು ಬಟ್ಟೆಯ ಮೇಲೆ ಉಂಬಳ ಹತ್ತಿದ್ದು ಕಾಣಿಸುವುದಿಲ್ಲ.